ಕಲಬುರಗಿಯಲ್ಲಿ ವೈನ್ ಕೋಣೆ: ಗೋಡೆ ಪಾಸು, ಚಾವಣಿ ನಪಾಸು

ಸೇಡಂ ರಸ್ತೆ ಕಡೆಯ ಮನೆಯೊಂದರ ಕೆಳಮಹಡಿಯಲ್ಲಿ ಇಲ್ಲಿಯದೇ ಇಂಟೀರಿಯರ್ ಗುತ್ತಿಗೆದಾರರು ಕಟ್ಟಿಕೊಟ್ಟ ವೈನ್ ಕೋಣೆ ಇದು. ಒಳ ಅಳತೆ 2 ಮೀಟರ್ ಉದ್ದ, 1.8 ಅಗಲ, 2.4 ಎತ್ತರ.

ಅವರ ಕೊಟೇಶನ್‌ನಲ್ಲಿ ಮೊದಲ ಆಯ್ಕೆಯೇ ನೆಲಮಾಳಿಗೆ. ಅದನ್ನು ಒಪ್ಪಬೇಡಿ. ಕೆಲವು ಮೀಟರ್ ಆಳದ ಮಣ್ಣು ಆಯಾ ಊರಿನ ವರ್ಷದ ಸರಾಸರಿ ತಾಪಮಾನಕ್ಕೆ ಹತ್ತಿರ ಇರುತ್ತದೆ. ಫ್ರಾನ್ಸಿನ ನೆಲಮಾಳಿಗೆ ತಾನೇ ತಂಪಾಗಿರುವುದು ಅದಕ್ಕೇ. ನಮ್ಮಲ್ಲಿ ಆ ಸರಾಸರಿ 27 ಡಿಗ್ರಿ ಆಸುಪಾಸು, ವೈನಿಗೆ ಬೇಕಾದದ್ದು 12ರಿಂದ 14. ಎಷ್ಟು ಅಗೆದರೂ ಮಶಿನ್ ತಪ್ಪುವುದಿಲ್ಲ. ಮೇಲಾಗಿ ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು ಗೋಡೆಯನ್ನು ತಳ್ಳುತ್ತದೆ.

ಗೋಡೆಯ ಕೆಲಸ ಮಾತ್ರ ನಿಜಕ್ಕೂ ಚೆನ್ನಾಗಿದೆ. ಇಟ್ಟಿಗೆಗೆ ತಾಗಿ, ಅಂದರೆ ಬಿಸಿ ಬದಿಗೆ, ತೇವ ಒಳಬರದಂತೆ ತಡೆಯುವ 150 ಮೈಕ್ರಾನ್ ಪಾಲಿಥಿನ್. ಅದರ ಒಳಗೆ 75 ಮಿಲಿಮೀಟರ್ ಎಕ್ಸ್‌ಪಿಎಸ್ ಬೋರ್ಡು, ಅಂದರೆ ಶಾಖ ತಡೆಯುವ ಗಟ್ಟಿ ಫೋಮ್ ಹಲಗೆ. ಆರೂ ಬದಿಗೆ ಹೀಗೆ ಮಾಡಿದರೆ ಹೊರಗೆ 38 ಡಿಗ್ರಿ ಇದ್ದಾಗ ಒಳನುಗ್ಗುವ ಶಾಖ ಸುಮಾರು 260 ವ್ಯಾಟ್. ಬರೀ ಒಂಬತ್ತು ಇಂಚಿನ ಇಟ್ಟಿಗೆಯಾದರೆ ಇದರ ಐದು ಪಟ್ಟು. ಅಂದಕ್ಕೆಂದು ಹಾಕಿದ ಡಬಲ್ ಗ್ಲಾಸ್ ಬಾಗಿಲು ಒಂದೇ ನೂರು ವ್ಯಾಟ್ ಮೇಲೆ ಸೇರಿಸುತ್ತದೆ. ಇನ್ಸುಲೇಷನ್ ತುಂಬಿದ ಮರದ ಬಾಗಿಲು, ಸುತ್ತ ಗ್ಯಾಸ್ಕೆಟ್, ಕೆಳಗೆ ಬಾಗಿಲು ಮುಚ್ಚಿದಾಗ ಇಳಿದು ಸಂದಿ ಮುಚ್ಚುವ ಡ್ರಾಪ್ ಸೀಲ್ ಕೇಳಿ.

ಸೋತದ್ದು ಚಾವಣಿಯಲ್ಲಿ. ಜಿಪ್ಸಂ ಶೀಟಿನ ಮೇಲೆ ಪಾಲಿಥಿನ್ ಎಳೆದಿಲ್ಲ, ತಾಮ್ರದ ಪೈಪು ಹಾದ ತೂತಿಗೆ ಫೋಮ್ ತುಂಬಿಲ್ಲ, ಲೈಟ್ ಪಾಯಿಂಟ್ ಕೊರೆದು ಹಾಗೇ ಬಿಟ್ಟಿದ್ದಾರೆ. ಮಳೆಗಾಲದಲ್ಲಿ ಹೊರಗಿನ ಗಾಳಿ 30 ಡಿಗ್ರಿ, ಆರ್ದ್ರತೆ ಶೇ. 70 ಇದ್ದರೆ 24 ಡಿಗ್ರಿಗೇ ಇಬ್ಬನಿ ಕಟ್ಟುತ್ತದೆ. 13 ಡಿಗ್ರಿಯ ಶೀಟಿಗೆ ತಾಗಿದರೆ ಕೇಳಬೇಕೆ? ಪೈಪಿನ ಸುತ್ತ ಹನಿ ಸಾಲು, ಲೈಟಿನ ಅಂಚಿನಲ್ಲಿ ಕಪ್ಪು ಬೂಷ್ಟು, ಕೆಳಗಿನ ಬಾಟಲಿಗಳ ಲೇಬಲ್ ಸುಕ್ಕುಗಟ್ಟಿವೆ. ಬಣ್ಣ ಹೊಡೆದರೆ ಇದು ಹೋಗುವುದಿಲ್ಲ. ಶೀಟು ಬಿಚ್ಚಿ ಪದರ ಹಾಕಲೇಬೇಕು.

ಮಶಿನ್ ಆಯ್ಕೆ ಸರಿಯಿದೆ. ಸಾಮಾನ್ಯ ಎಸಿ 16ರ ಕೆಳಗೆ ಸೆಟ್ ಆಗುವುದಿಲ್ಲ, ಗಾಳಿಯನ್ನು ಒಣಗಿಸಿ ಕಾರ್ಕ್ ಕೆಡಿಸುತ್ತದೆ. ಇವರು ವೈನ್ ಕೋಣೆಗೆಂದೇ ಮಾಡಿದ ಸ್ಪ್ಲಿಟ್ ಯೂನಿಟ್ ಕೊಟ್ಟಿದ್ದಾರೆ, ಆರ್ದ್ರತೆ 60ರ ಹತ್ತಿರ ನಿಲ್ಲುತ್ತದೆ. ಆದರೆ ಹೊರಗಿನ ಕಂಡೆನ್ಸರ್ ಪಡುವಣ ಗೋಡೆಗೆ! ಮೇ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಒತ್ತಡ ಏರಿ ಟ್ರಿಪ್ ಆಗುತ್ತದೆ. ಬಡಗಣ ಗೋಡೆಯ ನೆರಳಿಗೆ ಸರಿಸಿ, ಹಿಂದೆ ಗಾಳಿಯಾಡಲು ಜಾಗ ಬಿಡಿ. ಕರೆಂಟ್ ಹೋಗಿ ಬಂದ ಕೂಡಲೇ ಕಂಪ್ರೆಸರ್ ಶುರುವಾಗದಂತೆ ಮೂರು ನಿಮಿಷ ತಡೆಯುವ ಸ್ಟೆಬಿಲೈಜರ್ ಇರಲಿ.

ನೆಲಕ್ಕೆ ಶಹಾಬಾದ್ ಕಲ್ಲು. ನೋಡಲು ಸೊಗಸು, ನಮ್ಮದೇ ಕಲ್ಲು. ಆದರೆ ಅದು ಸುಣ್ಣಕಲ್ಲು, ವೈನಿನ ಹುಳಿ ಪಾಲಿಶ್ ತಿನ್ನುತ್ತದೆ. ಸೀಲರ್ ಹಚ್ಚಿದ್ದರೂ ಚೆಲ್ಲಿದ್ದನ್ನು ತಕ್ಷಣ ಒರೆಸಬೇಕು. ಕಲ್ಲಿನಡಿಯೂ ಎಕ್ಸ್‌ಪಿಎಸ್ ಹಾಕಿದ್ದು ಮೆಚ್ಚುವಂಥದ್ದು, ಬಹಳ ಜನ ಇದನ್ನು ಬಿಡುತ್ತಾರೆ.

ರ‍್ಯಾಕಿನ ಗೂಡು 82 ಮಿಲಿಮೀಟರ್. ನೇರ ಭುಜದ ಬಾಟಲಿ ಕೂರುತ್ತದೆ, ಸ್ಪಾರ್ಕ್ಲಿಂಗ್ ವೈನಿನ ದಪ್ಪ ಬಾಟಲಿ ಕೂರುವುದಿಲ್ಲ. ಒಂದು ಸಾಲನ್ನಾದರೂ 95ಕ್ಕೆ ಮಾಡಿಸಿ. ಗೂಡುಗಳ ಸಂಖ್ಯೆ ಹೇಳುವ ಮೊದಲು ಮನೆಯಲ್ಲಿ ಎಷ್ಟು ವೈನ್ ಇಡಬಹುದೆಂದು ಅಬಕಾರಿ ಕಚೇರಿಯಲ್ಲಿ ವಿಚಾರಿಸಿ, ಮಿತಿ ಇದೆ. ಕೊನೆಯ ಕಂತನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವುದಾಗಿ ಕರಾರಿನಲ್ಲೇ ಬರೆಸಿ.