ಜಪಾನಿಗೆ ಹೊರಡುವ ಮುನ್ನ ಪಡೆದ ಮೂರು ತರಬೇತಿಗಳು: ಹಿಂದಿರುಗಿದ ಮೇಲೆ ಕೊಟ್ಟ ಅಂಕಗಳು

ಪೀಣ್ಯದ ಯಂತ್ರೋಪಕರಣ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡುವ ನಾನು, ಜಪಾನಿನ ಐಚಿ ಪ್ರಾಂತದಲ್ಲಿರುವ ಸಹಯೋಗಿ ಕಾರ್ಖಾನೆಗೆ ತಾಂತ್ರಿಕ ವಿನಿಮಯದ ಮೇಲೆ ಎರಡು ಬಾರಿ, 2017ರಲ್ಲಿ ಐದು ವಾರ ಮತ್ತು 2019ರಲ್ಲಿ ಎಂಟು ವಾರ, ಹೋಗಿ ಬಂದಿದ್ದೇನೆ. ವಿದೇಶಿ ತಂತ್ರಜ್ಞರಿಗೆ ತರಬೇತಿ ಕೊಡುವ ಜಪಾನಿನ ಎಒಟಿಎಸ್‌ನಂಥ ಸಂಸ್ಥೆಯ ಮೂಲಕ ಹೋಗುವವರಿಗೆ ಜಪಾನಿನಲ್ಲಿ ಇಳಿದ ಮೇಲೆ ಆರು ವಾರಗಳ ಭಾಷಾ ತರಗತಿ ಇರುವುದುಂಟು. ನಮ್ಮದು ಎರಡು ಕಂಪನಿಗಳ ನಡುವಿನ ಸಣ್ಣ ಏರ್ಪಾಡಾದ್ದರಿಂದ ಸಿದ್ಧತೆಯೆಲ್ಲ ಬೆಂಗಳೂರಿನಲ್ಲೇ ಮುಗಿಯಬೇಕಿತ್ತು. ಮೊದಲ ಪ್ರಯಾಣಕ್ಕೆ ಮುನ್ನ ಸಲಹಾ ಸಂಸ್ಥೆಯೊಂದು ಹೋಟೆಲಿನಲ್ಲಿ ನಡೆಸಿದ ಎರಡು ದಿನಗಳ ಕಾರ್ಯಾಗಾರದಲ್ಲಿ ಕುಳಿತಿದ್ದೆ. ಎರಡನೆಯದಕ್ಕೆ ಮುನ್ನ ಸುಮಾರು ಎಂಟು ಗಂಟೆಗಳ ಆನ್‌ಲೈನ್ ಪಾಠವನ್ನು ಮುಗಿಸಿದ್ದಲ್ಲದೆ, ನಮ್ಮಲ್ಲೇ ಫೋರ್‌ಮನ್ ಆಗಿ ನಿವೃತ್ತರಾದ, ಮೂರು ಬಾರಿ ಜಪಾನಿಗೆ ಹೋಗಿಬಂದ ಹಿರಿಯರೊಬ್ಬರು ಕ್ಯಾಂಟೀನಿನಲ್ಲಿ ನಡೆಸುತ್ತಿದ್ದ ಹತ್ತು ಭಾನುವಾರಗಳ ತರಗತಿಗೂ ಹೋದೆ. ಮುಂದಿನ ತಂಡವನ್ನು ಯಾವುದಕ್ಕೆ ಕಳುಹಿಸಬೇಕೆಂದು ಕಚೇರಿಯವರು ಕೇಳಿದ್ದರಿಂದ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಸಂದರ್ಭ ಬಂತು.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಕಾರ್ಯಾಗಾರದ ಎರಡನೆಯ ದಿನ ಸಂಜೆ ನಾಲ್ಕೂವರೆಗೆ, ಬಿಸಿ ಕಾಫಿಯ ಜೊತೆ ಕೈಗೆ ಬಂದ ಅಭಿಪ್ರಾಯ ಪತ್ರದಲ್ಲಿ ನಾನು ಎಲ್ಲ ಸಾಲಿಗೂ ಐದಕ್ಕೆ ಐದು ಕೊಟ್ಟಿದ್ದೆ. ಸಭಾಂಗಣ ಹೇಗಿತ್ತು, ಊಟ ಹೇಗಿತ್ತು, ತರಬೇತುದಾರರ ಮಾತು ಸ್ಪಷ್ಟವಾಗಿತ್ತೇ, ಇತರರಿಗೆ ಶಿಫಾರಸು ಮಾಡುವಿರಾ ಎಂಬ ಪ್ರಶ್ನೆಗಳಿಗೆ ಬೇರೆ ಉತ್ತರ ಕೊಡಲು ಕಾರಣವೂ ಇರಲಿಲ್ಲ. ಊಟ ನಿಜಕ್ಕೂ ಚೆನ್ನಾಗಿತ್ತು. ತರಬೇತಿಯ ಫಲವನ್ನು ನಾಲ್ಕು ಹಂತಗಳಲ್ಲಿ ಅಳೆಯಬೇಕು ಎಂದು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಷ್ಟು ಹಿಂದೆಯೇ ಬರೆದಿದ್ದಾರೆ: ಬಂದವರಿಗೆ ಹಿಡಿಸಿತೇ, ಅವರು ಕಲಿತರೇ, ಕೆಲಸದ ಜಾಗದಲ್ಲಿ ಅವರ ನಡವಳಿಕೆ ಬದಲಾಯಿತೇ, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತೇ. ನಮ್ಮ ಪತ್ರ ಮೊದಲ ಹಂತವನ್ನು ದಾಟಿರಲಿಲ್ಲ. ವಿಮಾನ ಹತ್ತುವ ಮೊದಲೇ ತುಂಬಿದ ಪತ್ರ ಅದಕ್ಕಿಂತ ಮುಂದೆ ಹೋಗುವುದು ಸಾಧ್ಯವೂ ಇಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿರುವುದೆಲ್ಲ ಹಿಂದಿರುಗಿದ ಮೇಲಿನ ಅಭಿಪ್ರಾಯ.

ಮೂರರ ನಡುವಿನ ಅಂತರ ಅತಿ ಹೆಚ್ಚಾಗಿ ಕಂಡದ್ದು ಕಾರ್ಖಾನೆಯೊಳಗಿನ ನಡವಳಿಕೆಯಲ್ಲಿ. ಜಪಾನಿನ ಕೆಲಸದ ಜಾಗಗಳಲ್ಲಿ ‘ಹೋರೆನ್ಸೋ’ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಹೋಕೊಕು, ರೆನ್ರಾಕು, ಸೋದಾನ್ ಎಂಬ ಮೂರು ಪದಗಳ, ಅಂದರೆ ವರದಿ, ಸುದ್ದಿ ಮುಟ್ಟಿಸುವುದು ಮತ್ತು ಸಮಾಲೋಚನೆ ಎಂಬವುಗಳ, ಮೊದಲಕ್ಷರಗಳನ್ನು ಜೋಡಿಸಿ ಮಾಡಿಕೊಂಡ ಪದವದು. ಅದೇ ಉಚ್ಚಾರದ ಪದಕ್ಕೆ ಪಾಲಕ್ ಸೊಪ್ಪು ಎಂಬ ಅರ್ಥವೂ ಇದೆ. ಕಾರ್ಯಾಗಾರದ ತರಬೇತುದಾರರು ಇದನ್ನು ಪರದೆಯ ಮೇಲೆ ಸೊಪ್ಪಿನ ಚಿತ್ರ ಹಾಕಿ ವಿವರಿಸಿದರು, ನಾವು ನಕ್ಕೆವು, ಮುಂದಿನ ವಿಷಯಕ್ಕೆ ಹೋದೆವು. 2017ರಲ್ಲಿ ಅಲ್ಲಿಗೆ ಹೋದ ಎರಡನೆಯ ವಾರ, ನಾನು ಅಳೆಯುತ್ತಿದ್ದ ಶಾಫ್ಟ್‌ಗಳ ವ್ಯಾಸ ಬೆಳಿಗ್ಗೆಯಿಂದ ನಾಲ್ಕು ಮೈಕ್ರಾನಿನಷ್ಟು ಒಂದೇ ಕಡೆಗೆ ಸರಿಯುತ್ತಿರುವುದು ಕಂಡುಬಂತು. ಮಾಪನದ ಶೂನ್ಯ ಬಿಂದುವನ್ನು ನಾನೇ ಸರಿಪಡಿಸಿ, ಕೆಲಸ ಮುಂದುವರಿಸಿ, ಸಂಜೆ ಹೆಮ್ಮೆಯಿಂದಲೇ ಮೇಲ್ವಿಚಾರಕರಿಗೆ ತಿಳಿಸಿದೆ. ಅವರು ಬೈಯಲಿಲ್ಲ, ಆ ದಿನ ಅಳೆದ ಶಾಫ್ಟ್‌ಗಳೆಲ್ಲವನ್ನೂ ತಟ್ಟೆಗಳ ಸಮೇತ ಹೊರಗೆ ತರಿಸಿ ಮೊದಲಿನಿಂದ ಅಳೆಸಿದರು. ತಪ್ಪು ಸರಿಪಡಿಸಿದ್ದು ಅವರ ದೃಷ್ಟಿಯಲ್ಲಿ ದೊಡ್ಡದಾಗಿರಲಿಲ್ಲ, ಕಂಡ ಕ್ಷಣದಲ್ಲಿ ಹೇಳದಿದ್ದದ್ದು ದೊಡ್ಡದಾಗಿತ್ತು. ಹೋರೆನ್ಸೋ ಎಂದರೇನೆಂದು ಪರೀಕ್ಷೆಯಲ್ಲಿ ಕೇಳಿದ್ದರೆ ನನಗೆ ಪೂರ್ಣ ಅಂಕ ಬರುತ್ತಿತ್ತು.

ಆನ್‌ಲೈನ್ ಪಾಠದಲ್ಲಿ ಇದೇ ವಿಷಯಕ್ಕೆ ಆರು ನಿಮಿಷದ ದೃಶ್ಯ ಮತ್ತು ನಾಲ್ಕು ಪ್ರಶ್ನೆಗಳಿದ್ದವು. ತಪ್ಪು ಉತ್ತರ ಒತ್ತಿದರೆ ಸರಿಯಾದುದು ಬರುವವರೆಗೂ ಒತ್ತುತ್ತಾ ಹೋಗಬಹುದಿತ್ತು. ಮೇಷ್ಟ್ರು (ಫೋರ್‌ಮನ್ನರನ್ನು ನಾವು ಹಾಗೆಯೇ ಕರೆಯುತ್ತಿದ್ದೆವು) ಮಾತ್ರ ಆ ಪದವನ್ನು ಮೂರನೆಯ ಭಾನುವಾರದವರೆಗೂ ಉಚ್ಚರಿಸಲಿಲ್ಲ. ಮೊದಲ ದಿನದಿಂದಲೇ ಪ್ರತಿಯೊಬ್ಬರೂ ತರಗತಿಯ ಕೊನೆಗೆ ಎದ್ದು ನಿಂತು, ಇಂದು ಏನು ಮಾಡಿದೆ, ಎಲ್ಲಿ ತಡವರಿಸಿದೆ, ಯಾರನ್ನು ಏನು ಕೇಳಬೇಕು ಎಂದು ಒಂದೊಂದು ನಿಮಿಷ ಹೇಳಬೇಕಿತ್ತು. “ಎಡವಟ್ಟಾದ್ರೆ ಮೊದಲು ಬಾಯಿ ಬಿಡಿ, ಆಮೇಲೆ ಕೈ ಹಾಕಿ” ಎಂಬುದು ಅವರ ಒಂದೇ ಸೂತ್ರ. ಹತ್ತು ವಾರ ಹೀಗೆ ನಿಂತು ಮಾತನಾಡಿದ ಮೇಲೆ, 2019ರಲ್ಲಿ ಅಲ್ಲಿನ ಸಂಜೆಯ ವರದಿ ಸಭೆ ನನಗೆ ಹೊಸದೆನಿಸಲಿಲ್ಲ.

ಭಾಷೆಯ ವಿಷಯದಲ್ಲೂ ಮೇಷ್ಟ್ರದೇ ಮೇಲುಗೈ, ಅದಕ್ಕೆ ಕಾರಣ ಅವರು ಕನ್ನಡದ ಮೂಲಕ ಕಲಿಸಿದ್ದು. ಉಳಿದೆರಡು ತರಬೇತಿಗಳು ಜಪಾನಿ ಭಾಷೆಯನ್ನು ಇಂಗ್ಲಿಷಿನ ದಾರಿಯಲ್ಲಿ ಕಲಿಸಲು ಹೋಗಿ, ಕ್ರಿಯಾಪದ ಕೊನೆಗೆ ಬರುತ್ತದೆ ಎಂಬುದನ್ನೇ ದೊಡ್ಡ ಸೋಜಿಗವೆಂಬಂತೆ ಹೇಳುತ್ತಿದ್ದವು. ‘ಕೋಜೋ ನಿ ಇಕಿಮಾಸು’ ಎಂದರೆ ‘ಕಾರ್ಖಾನೆಗೆ ಹೋಗುತ್ತೇನೆ’. ಅವರ ‘ನಿ’ ಇರುವಲ್ಲಿ ನಮ್ಮ ‘ಗೆ’ ಇದೆ, ಕ್ರಮ ಅದೇ, ‘ನಾನು’ ಎಂಬುದನ್ನು ಎರಡರಲ್ಲೂ ಬಿಡಬಹುದು. ‘ಒಬಸಾನ್’ ಎಂದರೆ ಅತ್ತೆಯೋ ಚಿಕ್ಕಮ್ಮನೋ, ‘ಒಬಾಸಾನ್’ ಎಂದರೆ ಅಜ್ಜಿ. ಹ್ರಸ್ವ ದೀರ್ಘಗಳ ನಡುವೆ ಬೆಳೆದ ನಮಗೆ ಈ ವ್ಯತ್ಯಾಸ ಒಂದು ಸಮಸ್ಯೆಯೇ ಅಲ್ಲ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ‘ಕೆಂತೋ ಶಿಮಾಸು’ ಎಂಬ ಮಾತಿನ ಪಾಠ. ‘ಪರಿಶೀಲಿಸುತ್ತೇವೆ’ ಎಂಬುದು ಅದರ ನಿಘಂಟಿನ ಅರ್ಥ, ಕಾರ್ಯಾಗಾರದ ಪುಸ್ತಿಕೆಯಲ್ಲೂ ಹಾಗೆಯೇ ಇತ್ತು. ಅದನ್ನು ನಂಬಿ ಮೊದಲ ಪ್ರಯಾಣದಲ್ಲಿ ಒಂದು ಬೇಡಿಕೆಯ ಉತ್ತರಕ್ಕಾಗಿ ನಾವು ಕೊನೆಯ ದಿನದವರೆಗೂ ಕಾದಿದ್ದೆವು. ಸಾಲ ಕೇಳಲು ಹೋದಾಗ ನೆಂಟರು ಹೇಳುವ “ಆಯ್ತು, ನೋಡೋಣ” ಎಂಬ ಮಾತೇ ಅದು ಎಂದು ಮೇಷ್ಟ್ರು ಹೇಳಿದಾಗ ಇಡೀ ಕ್ಯಾಂಟೀನಿಗೆ ಅರ್ಥವಾಯಿತು. ಎದುರಿನವರು ಮಾತುಮಾತಿಗೂ ಹೇಳುವ ‘ಹಾಯ್’ ಕೂಡ ಒಪ್ಪಿಗೆಯಲ್ಲ, ನಮ್ಮ ‘ಹೂಂ’ ಇದ್ದಂತೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದಷ್ಟೇ.

ಇಷ್ಟು ಹೇಳಿದ ಮೇಲೆ ಆನ್‌ಲೈನ್ ಪಾಠಕ್ಕೆ ಸಲ್ಲಬೇಕಾದುದನ್ನು ಸಲ್ಲಿಸಬೇಕು. ದಾಖಲೆ, ಔಷಧಿ, ಸಾಮಾನುಗಳ ವಿಷಯದಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ನಮ್ಮಲ್ಲಿ ನೆಗಡಿಗೆ ನುಂಗುವ ಕೆಲವು ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ಜಪಾನಿಗೆ ಒಯ್ಯುವಂತಿಲ್ಲ ಎಂಬುದನ್ನೂ, ವೈದ್ಯರು ಬರೆದುಕೊಟ್ಟ ಮಾಮೂಲಿ ಔಷಧಿಯಾದರೆ ಒಂದು ತಿಂಗಳಿಗಾಗುವಷ್ಟನ್ನು ಮಾತ್ರ ಮುಂಗಡ ಅನುಮತಿಯಿಲ್ಲದೆ ಒಯ್ಯಬಹುದು ಎಂಬುದನ್ನೂ ಅದೊಂದೇ ಹೇಳಿತು. ಎಂಟು ವಾರ ಹೊರಟಿದ್ದ, ರಕ್ತದೊತ್ತಡದ ಮಾತ್ರೆ ನುಂಗುವ ಸಹೋದ್ಯೋಗಿಗೆ ಇದು ಸಣ್ಣ ಮಾತಾಗಿರಲಿಲ್ಲ. ಮೇಷ್ಟ್ರಿಗೆ ಈ ನಿಯಮ ಗೊತ್ತೇ ಇರಲಿಲ್ಲ. ಅವರ ಅನುಭವ ಹಳೆಯದು, ಅವರಿಗೆ ಆಗದಿದ್ದ ತೊಂದರೆ ಅವರ ಪಾಠದಲ್ಲೂ ಇರಲಿಲ್ಲ. ಹೋಗಿಬಂದವರಿಂದ ಕಲಿಯುವುದರಲ್ಲಿರುವ ದೊಡ್ಡ ಕೊರತೆ ಇದೇ.

ಆದರೆ ಅದೇ ಆನ್‌ಲೈನ್ ಪಾಠ ‘ಅಡಾಪ್ಟರ್ ಒಯ್ಯಿರಿ’ ಎಂದಷ್ಟೇ ಹೇಳಿ ಸುಮ್ಮನಾಗಿತ್ತು. ನಮ್ಮಲ್ಲೊಬ್ಬರು ಮನೆಯಿಂದ ಪುಟ್ಟ ವಿದ್ಯುತ್ ಅನ್ನದ ಪಾತ್ರೆಯನ್ನೂ ಎರಡು ಕಿಲೋ ಸೋನಾ ಮಸೂರಿಯನ್ನೂ ತಂದಿದ್ದರು. ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. 230 ವೋಲ್ಟಿಗೆ ಮಾಡಿದ ಸುರುಳಿಗೆ ಜಪಾನಿನ 100 ವೋಲ್ಟ್ ಕೊಟ್ಟರೆ ಬರುವ ಶಾಖ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಮೂರು ಗಂಟೆ ಕಾದರೂ ಅಕ್ಕಿ ನೆನೆದು ಉಬ್ಬಿತು, ಬೇಯಲಿಲ್ಲ. ನಾಲ್ವರು ಎಂಜಿನಿಯರುಗಳು ಪಾತ್ರೆಯ ಸುತ್ತ ನಿಂತು ಈ ಲೆಕ್ಕ ಹಾಕಿದ್ದು ರಾತ್ರಿ ಹತ್ತು ಗಂಟೆಗೆ ಎಂಬುದನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ.

ಸಸ್ಯಾಹಾರದ ಪ್ರಶ್ನೆಗೆ ‘ದೊಡ್ಡ ನಗರಗಳಲ್ಲಿ ಸಿಗುತ್ತದೆ’ ಎಂದು ಕಾರ್ಯಾಗಾರ ಕೈತೊಳೆದುಕೊಂಡಿತ್ತು. ಮೇಷ್ಟ್ರು ‘ನಿಕು ತೊ ಸಕಾನಾ ವಾ ತಾಬೆಮಾಸೆನ್’, ಮಾಂಸ ಮೀನು ತಿನ್ನುವುದಿಲ್ಲ, ಎಂದು ಬಾಯಿಪಾಠ ಮಾಡಿಸಿದ್ದಲ್ಲದೆ, ತರಕಾರಿ ಸಾರಿನಂತೆ ಕಾಣುವ ಮಿಸೋ ಸಾರಿಗೂ ಒಣಮೀನಿನ ಚಕ್ಕೆಯ, ಅಂದರೆ ಕತ್ಸುವೊಬುಶಿಯ, ರಸ ಬಿದ್ದಿರುತ್ತದೆ ಎಂದು ಎಚ್ಚರಿಸಿ, ಅದೂ ಬೇಡವೆಂದು ಜಪಾನಿ ಲಿಪಿಯಲ್ಲಿ ಬರೆದ ಚೀಟಿಯನ್ನು ಎಲ್ಲರ ಪಾಸ್‌ಪೋರ್ಟಿನೊಳಗೆ ಇಟ್ಟಿದ್ದರು. ಚೀಟಿ ತೋರಿಸಿದ ಕಡೆ ಎಷ್ಟೋ ಸಲ ಅನ್ನ, ಉಪ್ಪಿನಕಾಯಿ, ತೋಫು ಮಾತ್ರ ಬಂತು, ಆದರೆ ಅನುಮಾನವಿಲ್ಲದೆ ತಿಂದೆವು.

ವಿಸಿಟಿಂಗ್ ಕಾರ್ಡನ್ನು ಎರಡೂ ಕೈಗಳಿಂದ ಕೊಡುವುದು, ತಲೆಬಾಗುವುದು ಇತ್ಯಾದಿಗಳನ್ನು ಮೂರೂ ಚೆನ್ನಾಗಿ ಕಲಿಸಿದವು. ಕಾರ್ಯಾಗಾರದ ಎರಡು ದಿನಗಳಲ್ಲಿ ಮುಕ್ಕಾಲು ದಿನ ಇದಕ್ಕೇ ಹೋಗಿತ್ತು. ಅಲ್ಲಿಯವರು ಹೊರಗಿನವರ ಇಂಥ ತಪ್ಪುಗಳನ್ನು ನಕ್ಕು ಮರೆಯುತ್ತಾರೆ, ಬೆಳಿಗ್ಗೆ ಎಂಟಕ್ಕೆ ಎಂದರೆ ಎಂಟೂ ಎರಡಕ್ಕೆ ಬಂದದ್ದನ್ನು ಮರೆಯುವುದಿಲ್ಲ.

ಮೇಷ್ಟ್ರ ಬಳಿ ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ಇತ್ತು. ಹಿಂದಿರುಗಿದ ಪ್ರತಿಯೊಬ್ಬರೂ ಒಂದು ತಿಂಗಳು ಕಳೆದ ಮೇಲೆ ಬಂದು ಅದರಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಬೇಕಿತ್ತು: ಎಲ್ಲಿ ಎಡವಿದಿರಿ, ನಾನು ಹೇಳಿದ್ದರಲ್ಲಿ ಯಾವುದು ಸುಳ್ಳಾಯಿತು, ಯಾವುದನ್ನು ಹೇಳಲೇ ಇಲ್ಲ. ಔಷಧಿಯ ನಿಯಮ ಮತ್ತು ಅನ್ನದ ಪಾತ್ರೆ ಎರಡೂ ಈಗ ಆ ಪುಸ್ತಕದಲ್ಲಿವೆ, ಅವರ ಪಾಠಕ್ಕೂ ಸೇರಿವೆ.

ಕಚೇರಿಗೆ ನಾನು ಬರೆದುಕೊಟ್ಟದ್ದು ಇಷ್ಟು: ಆನ್‌ಲೈನ್ ಪಾಠವನ್ನು ದಾಖಲೆ ಮತ್ತು ಔಷಧಿಯ ಭಾಗಗಳ ಮಟ್ಟಿಗೆ ಉಳಿಸಿಕೊಳ್ಳಿ, ಕಾರ್ಯಾಗಾರವನ್ನು ಕೈಬಿಟ್ಟು ಆ ಹಣದಲ್ಲಿ ಮೇಷ್ಟ್ರಿಗೆ ಸರಿಯಾದ ಸಂಭಾವನೆ ಕೊಡಿ, ಭಾನುವಾರ ಬರುವವರಿಗೆ ಬದಲಿ ರಜೆ ಕೊಡಿ, ಅಭಿಪ್ರಾಯ ಪತ್ರವನ್ನು ಹಿಂದಿರುಗಿ ಮೂವತ್ತು ದಿನಗಳಾದ ಮೇಲೆ ತುಂಬಿಸಿ. ಮೊದಲ ಮೂರಕ್ಕೆ ಒಪ್ಪಿಗೆ ಸಿಕ್ಕಿದೆ. ನಾಲ್ಕನೆಯದರ ಬಗ್ಗೆ “ನೋಡೋಣ” ಎಂದಿದ್ದಾರೆ.