ಮುದ್ರೆ ನೋಡಿ ಕುರ್ಚಿ ಕೊಂಡು ಕೆಟ್ಟೆ

ಪ್ಯಾರಿಸ್ಸಿನಲ್ಲಿದ್ದು ಹಳೇ ಕುರ್ಚಿ, ಮೇಜಿನ ಹುಚ್ಚು ಹತ್ತಿಸಿಕೊಂಡವರು ದಯವಿಟ್ಟು ಓದಿ. ನಾನು 3,800 ಯೂರೋ ಕಳೆದುಕೊಂಡಿದ್ದೇನೆ.

ಹೋದ ವರ್ಷ ಒಂದು ಅಂಗಡಿಯಲ್ಲಿ ಫ್ರಾನ್ಸಿನ ರಾಜ ಹದಿನಾರನೇ ಲೂಯಿ ಕಾಲದ್ದು ಎಂದು ಕೈ ಇರುವ ಕುರ್ಚಿಯೊಂದನ್ನು ತೋರಿಸಿದರು. ಕಂಬದ ಹಾಗೆ ಗೀರು ಕೊರೆದ ನೇರ ಕಾಲು, ಕಾಲಿನ ಮೇಲ್ತುದಿಯ ಚೌಕದಲ್ಲಿ ಒಂದು ಹೂವು. 1748ರಲ್ಲಿ ಇಟಲಿಯ ಹೂತುಹೋದ ರೋಮನ್ ಊರು ಪಾಂಪೇಯಿಯ ಅಗೆತ ಶುರುವಾದ ಮೇಲೆ ಸಿರಿವಂತರಿಗೆ ರೋಮಿನ ಗುಂಗು ಹಿಡಿಯಿತು, ಅದುವರೆಗಿನ ಬಳುಕುವ ಕುರ್ಚಿ ಕಾಲುಗಳು ಮೂಲೆ ಸೇರಿದವು. ಇದೆಲ್ಲ ನನಗೆ ಗೊತ್ತಿತ್ತು. ಅರ್ಧ ಗೊತ್ತಿದ್ದದ್ದೇ ಎಡವಟ್ಟಾಯಿತು!

ಅಂಗಡಿಯವರು ಕುರ್ಚಿ ಮಗುಚಿ ಮುದ್ರೆ ತೋರಿಸಿದರು: ಜಾರ್ಜ್ ಜಾಕೋಬ್, ರಾಣಿಗೇ ಕುರ್ಚಿ ಮಾಡಿಕೊಟ್ಟ ಬಡಗಿ. 1793ರಲ್ಲಿ ಕ್ರಾಂತಿಯವರು ವರ್ಸೇಲ್ಸ್ ಅರಮನೆಯ ಸಾಮಾನು ಹರಾಜು ಹಾಕಿದರಲ್ಲ, ಆಗ ಹೊರಬಂದದ್ದಿರಬಹುದು ಅಂದರು. ಹರಾಜು ನಿಜ. ನಾನು ಕರಗಿಹೋದೆ.

ಗಾದಿ ಬದಲಿಸಲು ಕೊಟ್ಟಾಗ ಬಣ್ಣ ಬಯಲಾಯಿತು. ಕೆಲಸದವರು ಬಟ್ಟೆ ಕಿತ್ತು ನನ್ನನ್ನು ಕರೆದರು. ಇನ್ನೂರು ವರ್ಷದಲ್ಲಿ ಎಷ್ಟು ಸಲ ಗಾದಿ ಹೊದಿಸಿರಬೇಕು? ಗಾದಿ ಬಡಿಯುವ ಮರದ ಪಟ್ಟಿಯ ತುಂಬ ಮೊಳೆ ತೂತಿರಬೇಕು. ಇಲ್ಲಿ ಇದ್ದದ್ದು ಒಂದೇ ಸಾಲು. ಕುಟ್ಟೆ ಹುಳು ಒಳಗೆ ಕೊರೆದರೆ ಹೊರಗೆ ಕಾಣುವುದು ಸಣ್ಣ ಗುಂಡು ತೂತು ಮಾತ್ರ. ನನ್ನ ಕುರ್ಚಿಯಲ್ಲಿ ಹುಳದ ದಾರಿ ಸಣ್ಣ ಚರಂಡಿಯ ಹಾಗೆ ಉದ್ದಕ್ಕೆ ಬಾಯಿ ಬಿಟ್ಟಿತ್ತು. ಅಂದರೆ ಹುಳು ತಿಂದ ಹಳೇ ಮರವನ್ನು ಆಮೇಲೆ ಕುಯ್ದು ಮಾಡಿದ್ದು.

ಮುದ್ರೆ? ಸುಲಭಕ್ಕೆ ಒತ್ತಬಹುದು. ಅದು ಕಲಾವಿದನ ಸಹಿ ಅಲ್ಲ. ಪ್ಯಾರಿಸ್ಸಿನ ಬಡಗಿಗಳ ಸಂಘ ತನ್ನ ಸದಸ್ಯರ ಕೆಲಸದ ಮೇಲೆ ಕಣ್ಣಿಡಲು 1743ರಲ್ಲಿ ಮಾಡಿದ ನಿಯಮ. ರಾಜನ ಕೆಲಸದವರಿಗೆ ಅದರಿಂದ ವಿನಾಯಿತಿ ಇತ್ತು, ಹಾಗಾಗಿ ಎಷ್ಟೋ ಅಸಲಿ ಸಾಮಾನಿಗೆ ಮುದ್ರೆಯೇ ಇಲ್ಲ. (ಈಗ ಮ್ಯೂಸಿಯಂ ಆಗಿರುವ ವರ್ಸೇಲ್ಸ್ ಅರಮನೆಯೇ ನಕಲಿ ಕುರ್ಚಿ ಕೊಂಡ ಸುದ್ದಿ 2016ರಲ್ಲಿ ಹೊರಬಿತ್ತು. ಅದೊಂದು ಸಮಾಧಾನ ನನಗೆ.)

ದುಡ್ಡು ವಾಪಸ್ ಕೇಳಲು ಹೋದೆ. ಅವರು ಸುಮ್ನೆ ಬಿಲ್ಲಿನತ್ತ ಬೆರಳು ತೋರಿಸಿದರು. 'ಸ್ತೀಲ್ ಲೂಯಿ ಹದಿನಾರು' ಎಂದಿತ್ತು. 1981ರ ಫ್ರೆಂಚ್ ಆದೇಶದ ಪ್ರಕಾರ 'ಸ್ತೀಲ್' ಎಂದರೆ ಆ ಶೈಲಿಯದ್ದು ಅಷ್ಟೇ, ಕಾಲಕ್ಕೆ ಯಾವ ಖಾತರಿಯೂ ಇಲ್ಲ. 'ಎಪೋಕ್' ಎಂದು ಬರೆದರೆ ಆ ಕಾಲದ್ದೇ ಎಂಬ ಹೊಣೆ ಅಂಗಡಿಯವರ ಮೇಲೆ ಬೀಳುತ್ತದೆ. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಯಾರು?

'ಎಪೋಕ್' ಎಂದು ಬರೆದುಕೊಡಿ ಅನ್ನಿ. ಪೆನ್ನು ಹುಡುಕುವ ನೆಪ ಶುರು ಮಾಡಿದರೆ ಕುರ್ಚಿ ಅಲ್ಲೇ ಬಿಟ್ಟು ಬನ್ನಿ.