ಸೆಮಿನಾರ್‌ಗೆ ಯಾವ ಮ್ಯುಟೇಶನ್: ಅಕ್ಷರ ಬದಲಾದದ್ದೋ, ಬಿಟ್ಟುಹೋದದ್ದೋ?

ಮ್ಯುಟೇಶನ್, ಅಂದರೆ ಜೀನ್‌ಗಳಲ್ಲಾಗುವ ಬದಲಾವಣೆ, ಇದರ ಬಗ್ಗೆ ಸೆಮಿನಾರ್ ಕೊಡಬೇಕು, ಯಾವುದನ್ನು ಆರಿಸಲಿ ಅಂತ ಯೋಚಿಸುತ್ತಿದ್ದೀರಾ? ಮೊದಲು ಈ ಸಾಲು ನೋಡಿ: ‘ಕಮಲ ನಗುತ ಬಂದಳು’. ಜೀನ್ ಅನ್ನೂ ಜೀವಕೋಶ ಹೀಗೇ ಮೂರು ಮೂರು ಅಕ್ಷರವಾಗಿ ಓದಿ ಪ್ರೋಟೀನ್ ಕಟ್ಟುತ್ತದೆ.

ಒಂದಕ್ಷರ ಬದಲಾದರೆ ‘ವಿಮಲ ನಗುತ ಬಂದಳು’. ಆಳು ಬೇರೆ, ಸಾಲು ಸರಿಯಾಗೇ ಇದೆ. ಎಷ್ಟೋ ಸಲ ಇದರಿಂದ ಏನೂ ಆಗುವುದಿಲ್ಲ. ಆದರೆ ಹಿಮೋಗ್ಲೋಬಿನ್ ಜೀನ್‌ನ ಒಂದು ಕಡೆ ಜಿಎಜಿ ಎಂಬ ಮೂರಕ್ಷರ ಹೋಗಿ ಜಿಟಿಜಿ ಆದರೆ ಸಿಕಲ್ ಸೆಲ್ ಕಾಯಿಲೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಮಜಾ ಏನಂದ್ರೆ, ಈ ಬದಲಾವಣೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಸಾಮಾನ್ಯವಾಗಿ ಕಾಯಿಲೆ ಕಾಡುವುದಿಲ್ಲ, ತೀವ್ರ ಮಲೇರಿಯಾದಿಂದ ಒಂದಷ್ಟು ರಕ್ಷಣೆಯೂ ಸಿಗುತ್ತದೆ.

ಮೊದಲ ಅಕ್ಷರ ಬಿಟ್ಟುಹೋದರೆ? ‘ಮಲನ ಗುತಬಂ ದಳು’. ಅಲ್ಲಿಂದಾಚೆ ಎಲ್ಲ ಕಲಸುಮೇಲೋಗರ. ಪ್ರೋಟೀನ್ ಬಹುತೇಕ ಕೆಲಸಕ್ಕೇ ಬರುವುದಿಲ್ಲ. ಸರಿಯಾಗಿ ಮೂರಕ್ಷರ ಹೋದರೆ ಮಾತ್ರ ಮುಂದಿನ ಓದು ಹೀಗೆ ಪಕ್ಕಕ್ಕೆ ಸರಿಯುವುದಿಲ್ಲ. ಹಾಗಂತ ಸುಮ್ನೆ ಬಿಡುವಂತಿಲ್ಲ. ಶ್ವಾಸಕೋಶವನ್ನು ಕಾಡುವ ಆನುವಂಶಿಕ ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಜಾಸ್ತಿ ಕಾಣುವುದು ಇದೇ.

ಜೀನ್‌ಗಳನ್ನು ಹೊತ್ತ ಇಡೀ ಕ್ರೋಮೋಸೋಮ್ ಹೆಚ್ಚಾಗುವುದೂ ಇದೆ: 21ನೆಯದು ಎರಡರ ಬದಲು ಮೂರಾದರೆ ಡೌನ್ ಸಿಂಡ್ರೋಮ್. ಅದಕ್ಕೆ ಬೇರೆಯೇ ಸೆಮಿನಾರ್ ಬೇಕು.

ಸಮಯ ಕಮ್ಮಿಯಿದ್ದರೆ ಸಿಕಲ್ ಸೆಲ್ ತೆಗೆದುಕೊಳ್ಳಿ, ಕಥೆ ತಾನಾಗೇ ಸಾಗುತ್ತದೆ. ಬೋರ್ಡ್ ಮೇಲೆ ಬರೆದು ಅಳಿಸಿ ತೋರಿಸುವ ಆಸೆಯಿದ್ದರೆ ಅಕ್ಷರ ಬಿಟ್ಟುಹೋಗುವುದೇ ವಾಸಿ.